ಹೈಬ್ರಿಡ್ ಬೀಜವೂ ಹೈಬ್ರಿಡ್ ಕಾರೂ

ಹೈಬ್ರಿಡ್ ಎಂಬ ಮಾತು ನಮ್ಮ ಕೊಪ್ಪಳದ ಸೀಮೆಗೆ ಹೊಸದಲ್ಲ. ಶಾಲೆಯ ಮೆಟ್ಟಿಲನ್ನು ಹತ್ತದ ಒಕ್ಕಲಿಗನೂ ಅದನ್ನು ಸಲೀಸಾಗಿ ಆಡುತ್ತಾನೆ. 1964ರಲ್ಲಿ ಸಿ.ಎಸ್.ಎಚ್.-1 ಎಂಬ, ನಮ್ಮ ದೇಶದ ಮೊದಲನೆಯ ಹೈಬ್ರಿಡ್ ಜೋಳದ ತಳಿಯು ಹೊರಬಂದಿತು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿಯವರು ರೂಪಿಸಿದ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯು ಬಂದಿತು. ಇಂತಹ ಬೀಜದ ಬೆಲೆ ಮನೆಯಲ್ಲಿ ಕಾದಿಟ್ಟ ಬೀಜದ ಬೆಲೆಗಿಂತ ಎಷ್ಟೋ ಹೆಚ್ಚು. ಒಮ್ಮೆ ಕೊಂಡರೆ ಸಾಲದು. ಎರಡನೆಯ ಪೀಳಿಗೆಯಲ್ಲಿ ಅದರ ಗುಣಗಳು ಚದರಿಹೋಗುವುದರಿಂದ ಮರುವರ್ಷ ಮತ್ತೆ ಕೊಳ್ಳಬೇಕು. ಹೈಬ್ರಿಡ್ ಜೋಳದ ರೊಟ್ಟಿಗೆ ರುಚಿಯಿಲ್ಲವೆಂದು ಹಿರಿಯರು ಗೊಣಗಿದ್ದೂ ಉಂಟು. ಆದರೂ ಒಕ್ಕಲಿಗರು ಆ ಬೀಜವನ್ನು ಕೊಂಡರು. ಬಿತ್ತಿದ ನಾಲ್ಕಾರು ತಿಂಗಳಲ್ಲಿ ಹಾಕಿದ ಹಣವು ಕಣಕ್ಕೆ ಮರಳಿ ಬರುವುದೆಂಬುದನ್ನು ಅವರು ಕಣ್ಣಾರೆ ಕಂಡರು.

ಈಗ ಅದೇ ಹೆಸರಿನ ಇನ್ನೊಂದು ವಸ್ತು ಪೇಟೆಗೆ ಬಂದಿದೆ. ಅದು ಹೈಬ್ರಿಡ್ ಕಾರು. ನಾವು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವವರು. ಶಾಖ, ಶಕ್ತಿ, ದಕ್ಷತೆ ಎಂಬ ಪಾಠಗಳಲ್ಲಿ ಈ ಕಾರನ್ನು ಉದಾಹರಣೆಯಾಗಿ ಕೊಟ್ಟು ಹೊಗಳುವುದು ನಮ್ಮ ರೂಢಿ. ಹಾಗೆ ಹೊಗಳಿದ್ದನ್ನು ಕೇಳಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕೆಲಕಾಲದ ಹಿಂದೆ ನಮ್ಮ ಮನೆಗೆ ಬಂದನು. ತಂದೆಯ ಕಾಯಿಲೆಯಿಂದಾಗಿ ಬಿ.ಎಸ್‌ಸಿ. ಓದನ್ನು ಅರ್ಧಕ್ಕೆ ನಿಲ್ಲಿಸಿ, ಕುಷ್ಟಗಿಯಲ್ಲಿ ಬಾಡಿಗೆ ಗಾಡಿ ಓಡಿಸಿ ಮನೆ ನಡೆಸುತ್ತಿರುವ ಹುಡುಗನಾತ. ಹಳೆಯ ಗಾಡಿಗೆ ವಯಸ್ಸಾಗಿತ್ತು. “ಸರ್, ಹೊಸಾ ಗಾಡಿ ತಗೋಬೇಕಂತ ಮಾಡೀನ್ರಿ. ಹೈಬ್ರಿಡ್ ತಗೊಳ್ಳೋ, ಸಾದಾ ತಗೊಳ್ಳೋ? ನೀವಽ ಲೆಕ್ಕ ಹಾಕಿ ಹೇಳ್ರಿ” ಎಂದನು.

ತರಗತಿಯಲ್ಲಿ ಹೊಗಳುವುದು ಒಂದು ಮಾತು, ಸಾಲ ಮಾಡಿ ಕೊಳ್ಳುವವನಿಗೆ ಉತ್ತರ ಹೇಳುವುದು ಇನ್ನೊಂದು ಮಾತು. ಅಂದು ನಾವು ಮಾಡಿದ ಲೆಕ್ಕವನ್ನು, ಮತ್ತು ಆ ಲೆಕ್ಕವು ನಮ್ಮಲ್ಲಿ ಹುಟ್ಟಿಸಿದ ಅಭಿಪ್ರಾಯವನ್ನು, ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಯಂತ್ರದ ವಿಷಯ. ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಇಂಜಿನ್ನೂ ಇದೆ, ವಿದ್ಯುತ್ ಮೋಟಾರೂ ಇದೆ, ನಡುವೆ ಒಂದು ಬ್ಯಾಟರಿಯೂ ಇದೆ. ಈ ಕಲ್ಪನೆ ಹಳೆಯದು. ಫರ್ಡಿನೆಂಡ್ ಪೋರ್ಷೆ ಎಂಬ ತರುಣ ಇಂಜಿನಿಯರನು ವಿಯೆನ್ನಾದ ಲೋನರ್ ಕಾರ್ಖಾನೆಯಲ್ಲಿ 1900ರ ಹೊತ್ತಿಗೇ ಇಂತಹ ಗಾಡಿಯನ್ನು ಕಟ್ಟಿದ್ದನು. ಆದರೆ ದೊಡ್ಡ ಪ್ರಮಾಣದ ತಯಾರಿಕೆಗೆ ಜಪಾನಿನ ಟೊಯೊಟಾ ಸಂಸ್ಥೆಯ ಪ್ರಿಯಸ್ ಕಾರು ಬರುವವರೆಗೆ ಕಾಯಬೇಕಾಯಿತು. ಅದು ಪೇಟೆಗೆ ಬಂದದ್ದು 1997ರಲ್ಲಿ. ನಮ್ಮ ಕೊಪ್ಪಳವು ರಾಯಚೂರಿನಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಯಾದದ್ದೂ ಅದೇ ವರ್ಷ.

ಈ ಕಾರು ಎಣ್ಣೆಯನ್ನು ಉಳಿಸುವ ಬಗೆ ಮೂರು. ಒಂದನೆಯದು, ಬ್ರೇಕು ಹಾಕಿದಾಗ ವ್ಯರ್ಥವಾಗುವ ಚಲನಶಕ್ತಿಯನ್ನು ಹಿಡಿದು ಬ್ಯಾಟರಿಗೆ ತುಂಬುವುದು. ಎರಡನೆಯದು, ನಿಂತಾಗ ಇಂಜಿನ್ನನ್ನು ತಾನಾಗಿಯೇ ಆರಿಸುವುದು. ಮೂರನೆಯದು, ಅಟ್ಕಿನ್‌ಸನ್ ಚಕ್ರವೆಂಬ ಕ್ರಮದಲ್ಲಿ ನಡೆಯುವ, ಬಲ ಕಡಮೆಯಾದರೂ ದಕ್ಷತೆ ಹೆಚ್ಚಾದ ಇಂಜಿನ್ನನ್ನು ಬಳಸುವುದು; ಬಲ ಸಾಲದಾದಾಗ ಮೋಟಾರು ಕೈಗೊಡುತ್ತದೆ.

ಮೊದಲನೆಯ ಉಳಿತಾಯವನ್ನು ಅಳೆದು ನೋಡೋಣ. 1500 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅದರ ಚಲನಶಕ್ತಿ ಸುಮಾರು 2 ಲಕ್ಷ 8 ಸಾವಿರ ಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 3 ಕೋಟಿ 20 ಲಕ್ಷ ಜೂಲ್; ಸಾಮಾನ್ಯ ಇಂಜಿನ್ನು ಅದರ ಕಾಲುಭಾಗವನ್ನು ಮಾತ್ರ ಚಕ್ರಕ್ಕೆ ಮುಟ್ಟಿಸುತ್ತದೆಂದು ಹಿಡಿದರೆ ದೊರೆಯುವುದು 80 ಲಕ್ಷ ಜೂಲ್. ಅಂದರೆ ಆ ವೇಗದಿಂದ ಪೂರ್ಣವಾಗಿ ನಿಂತು, ಮತ್ತೆ ಅದೇ ವೇಗಕ್ಕೆ ಏರುವುದನ್ನು ಸುಮಾರು 40 ಸಲ ಮಾಡಿದರೆ ಒಂದು ಲೀಟರ್ ಪೆಟ್ರೋಲು ಬ್ರೇಕಿನ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್ ಕಾರು ಅದರಲ್ಲಿ ಸುಮಾರು ಅರ್ಧವನ್ನು ಹಿಂದಕ್ಕೆ ಪಡೆಯಬಲ್ಲುದು. ಪ್ರತಿ 80 ನಿಲುಗಡೆಗೆ ಒಂದು ಲೀಟರ್ ಉಳಿಯಿತೆಂದು ತಿಳಿಯಬಹುದು.

ಈ ಲೆಕ್ಕದಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಹೈಬ್ರಿಡ್ ಕಾರಿನ ಲಾಭವು ಕಾರಿನೊಳಗೆ ಎಷ್ಟಿದೆಯೋ ಅದು ಓಡುವ ಹಾದಿಯಲ್ಲಿಯೂ ಅಷ್ಟೇ ಇದೆ. ಹೆಜ್ಜೆಗೊಂದು ದೀಪಕ್ಕೆ ನಿಲ್ಲುವ ಬೆಂಗಳೂರಿನಲ್ಲಿ ನಿಲುಗಡೆಗೆ ಬರವಿಲ್ಲ. ನಮ್ಮಲ್ಲಿಯೋ? ಗಂಗಾವತಿಯ ಪೇಟೆಯಲ್ಲಿ ಸುಗ್ಗಿಯ ಕಾಲಕ್ಕೆ ಭತ್ತದ ಲಾರಿಗಳೂ ಟ್ರ್ಯಾಕ್ಟರುಗಳೂ ಟಂಟಂಗಳೂ ಸೇರಿ ದಾರಿ ಕಟ್ಟುತ್ತವೆ. ಅಂಜನಾದ್ರಿಯ ಬುಡದಲ್ಲಿ ಯಾತ್ರಿಕರ ಗಾಡಿಗಳು ಇರುವೆಯಂತೆ ಸಾಗುತ್ತವೆ. ಕೊಪ್ಪಳದ ಗವಿಮಠದ ಜಾತ್ರೆಯ ದಿನಗಳನ್ನು ಹೇಳಬೇಕಾದುದೇ ಇಲ್ಲ. ಅಲ್ಲಿ ಹೈಬ್ರಿಡ್ ಕಾರು ತನ್ನ ಗುಣವನ್ನು ತೋರಿಸೀತು. ಆದರೆ ಯಲಬುರ್ಗಿಯ ಎರೆನೆಲದ ಹಾದಿಯಲ್ಲಿ, ಕುಷ್ಟಗಿಯನ್ನು ಹಾದುಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಕೊಪ್ಪಳದ ಮೂಲಕ ಗದಗಿನಿಂದ ಹೊಸಪೇಟೆಗೆ ಹೋಗುವ 67ನೆಯ ಹೆದ್ದಾರಿಯಲ್ಲಿ ಬ್ರೇಕಿಗೆ ಕಾಲಿಡುವ ಪ್ರಸಂಗವೇ ವಿರಳ. ಒಂದೇ ವೇಗದಲ್ಲಿ ಸಾಗುವ ಕಾರಿನ ಶಕ್ತಿ ಗಾಳಿಯನ್ನು ತಳ್ಳುವುದಕ್ಕೂ ಟೈರಿನ ಘರ್ಷಣೆಗೂ ವ್ಯಯವಾಗುತ್ತದೆ. ಅದನ್ನು ಯಾವ ಬ್ಯಾಟರಿಯೂ ಹಿಂದಕ್ಕೆ ತರಲಾರದು. ಅಲ್ಲಿ ಉಳಿಯುವುದು ಇಂಜಿನ್ನಿನ ದಕ್ಷತೆಯ ಲಾಭ ಮಾತ್ರ. ಅದು ಶೂನ್ಯವಲ್ಲ, ಆದರೆ ಪೇಟೆಯ ಲಾಭದಷ್ಟೂ ಅಲ್ಲ.

ಕಂಪನಿಗಳು ಪ್ರಕಟಿಸುವ ಮೈಲೇಜಿನ ಅಂಕಿಗಳನ್ನು ಓದುವಾಗ ಈ ಮಾತನ್ನು ನೆನಪಿನಲ್ಲಿಡಬೇಕು. ನಮ್ಮ ರಾಜ್ಯದ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಕಾರಿನ ಸಾದಾ ಪೆಟ್ರೋಲ್ ಮಾದರಿಗೆ ಪ್ರಕಟವಾದ ಅಂಕಿ ಲೀಟರಿಗೆ 16.13 ಕಿಲೋಮೀಟರ್, ಹೈಬ್ರಿಡ್ ಮಾದರಿಗೆ 23.24. ಇವು ಪ್ರಯೋಗಾಲಯದ ಉರುಳೆಗಳ ಮೇಲೆ, ಗೊತ್ತುಪಡಿಸಿದ ಒಂದು ಓಟದ ಕ್ರಮದಲ್ಲಿ ದೊರೆತ ಅಂಕಿಗಳು. ಆ ಕ್ರಮದಲ್ಲಿ ಪೇಟೆಯ ನಿಧಾನವೂ ನಿಲುಗಡೆಗಳೂ ಧಾರಾಳವಾಗಿವೆ, ವೇಗವು ಗಂಟೆಗೆ 90 ಕಿಲೋಮೀಟರನ್ನು ದಾಟುವುದಿಲ್ಲ. ಆದುದರಿಂದ ನಾವು ನಮ್ಮ ಲೆಕ್ಕಕ್ಕೆ ಎರಡನ್ನೂ ಸ್ವಲ್ಪ ಇಳಿಸಿ, ಸಾದಾ ಗಾಡಿಗೆ 15, ಹೈಬ್ರಿಡ್‌ಗೆ 21 ಎಂದು ಹಿಡಿದೆವು. ಹೆದ್ದಾರಿಯ ಗಾಡಿಗೆ ಇದೂ ಉದಾರವಾದ ಅಂದಾಜೇ.

ಮೈಲೇಜಿನ ಭಾಷೆಯಲ್ಲಿ ಇನ್ನೊಂದು ಮೋಸ ಅಡಗಿದೆ. 2008ರಲ್ಲಿ ಅಮೆರಿಕದ ಲಾರಿಕ್ ಮತ್ತು ಸೋಲ್ ಎಂಬ ಇಬ್ಬರು ವಿದ್ವಾಂಸರು ಇದನ್ನು ಸೈನ್ಸ್ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಲೀಟರಿಗೆ 20 ಕಿಲೋಮೀಟರ್ ಓಡುವ ಚಿಕ್ಕ ಕಾರು 28ಕ್ಕೆ ಏರಿತೆನ್ನಿ. 10 ಓಡುವ ದೊಡ್ಡ ಗಾಡಿ 14ಕ್ಕೆ ಏರಿತೆನ್ನಿ. ಯಾವುದರಿಂದ ಹೆಚ್ಚು ಉಳಿತಾಯ? ಕೇಳಿದವರೆಲ್ಲ ಚಿಕ್ಕ ಕಾರಿನತ್ತ ಬೆರಳು ಮಾಡುತ್ತಾರೆ, ಏಕೆಂದರೆ 8 ಎಂಬುದು 4ಕ್ಕಿಂತ ದೊಡ್ಡದು. ಆದರೆ 10,000 ಕಿಲೋಮೀಟರ್ ಓಟಕ್ಕೆ ಚಿಕ್ಕ ಕಾರು 500 ಲೀಟರಿನಿಂದ 357ಕ್ಕೆ ಇಳಿದು 143 ಲೀಟರ್ ಉಳಿಸಿದರೆ, ದೊಡ್ಡ ಗಾಡಿಯು 1000ದಿಂದ 714ಕ್ಕೆ ಇಳಿದು 286 ಲೀಟರ್ ಉಳಿಸುತ್ತದೆ. ಲಾಭವು ಇಮ್ಮಡಿ! ಹೆಚ್ಚು ಕುಡಿಯುವ ಗಾಡಿಯನ್ನು, ಹೆಚ್ಚು ಓಡುವ ಗಾಡಿಯನ್ನು ಸುಧಾರಿಸುವುದರಲ್ಲಿಯೇ ನಿಜವಾದ ಉಳಿತಾಯವಿದೆ. ಹತ್ತಾರು ಜನರನ್ನು ತುಂಬಿಕೊಂಡು ಹಳ್ಳಿಯಿಂದ ಹಳ್ಳಿಗೆ ಓಡುವ ನಮ್ಮ ಕ್ರೂಸರ್ ಗಾಡಿಗಳನ್ನು ನೋಡಿದಾಗಲೆಲ್ಲ ನಮಗೆ ಈ ಲೆಕ್ಕ ನೆನಪಾಗುತ್ತದೆ. ಆದರೆ ಹೈಬ್ರಿಡ್ ಯಂತ್ರವು ಬಂದಿರುವುದು ಕುಟುಂಬದ ಕಾರುಗಳಿಗೆ, ಅದೂ ಅನುಕೂಲಸ್ಥರ ಕಾರುಗಳಿಗೆ.

ಇನ್ನು ಹಣದ ಲೆಕ್ಕ. ಒಂದೇ ಬಗೆಯ ಎರಡು ಗಾಡಿಗಳಲ್ಲಿ ಹೈಬ್ರಿಡ್‌ಗೆ 3 ಲಕ್ಷ ರೂಪಾಯಿ ಹೆಚ್ಚು ಬೆಲೆಯೆಂದೂ, ಪೆಟ್ರೋಲು ಲೀಟರಿಗೆ 100 ರೂಪಾಯಿಯೆಂದೂ ಸುಲಭಕ್ಕಾಗಿ ಹಿಡಿಯೋಣ. ಲೀಟರಿಗೆ 15 ಓಡುವ ಗಾಡಿಗೆ ಕಿಲೋಮೀಟರಿಗೆ 6 ರೂಪಾಯಿ 67 ಪೈಸೆ ಖರ್ಚು, 21 ಓಡುವ ಗಾಡಿಗೆ 4 ರೂಪಾಯಿ 76 ಪೈಸೆ. ವ್ಯತ್ಯಾಸವು ಸುಮಾರು 1 ರೂಪಾಯಿ 90 ಪೈಸೆ. ಹೆಚ್ಚಿಗೆ ಕೊಟ್ಟ 3 ಲಕ್ಷವು ಮರಳಿ ಬರಬೇಕಾದರೆ ಕಾರು ಸುಮಾರು 1,57,500 ಕಿಲೋಮೀಟರ್ ಓಡಬೇಕು. ಇಲ್ಲಿ ವರ್ಷಗಳ ಮಾತನ್ನು ನಾವು ಬೇಕೆಂದೇ ಎತ್ತಲಿಲ್ಲ. ಹಣವನ್ನು ಹಿಂದಕ್ಕೆ ತರುವುದು ಕಾಲವಲ್ಲ, ದೂರ.

ಮೇಷ್ಟರ ಮನೆಯ ಕಾರು ವರ್ಷಕ್ಕೆ 10,000 ಕಿಲೋಮೀಟರ್ ಓಡೀತು. ಅದರ ಉಳಿತಾಯ ವರ್ಷಕ್ಕೆ 19,000 ರೂಪಾಯಿ. ಹಣ ಮರಳಲು ಹದಿನೈದು ವರ್ಷಕ್ಕೂ ಮೀರಿದ ಕಾಲ ಬೇಕು. ಆ 3 ಲಕ್ಷವನ್ನು ಬ್ಯಾಂಕಿನಿಂದ ಶೇಕಡಾ 10ರ ಬಡ್ಡಿಗೆ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ 30,000. ಎಣ್ಣೆಯ ಉಳಿತಾಯವು ಬಡ್ಡಿಗೂ ಸಾಲದು. ಆದುದರಿಂದ ನಮ್ಮಂತಹವರು ಹೈಬ್ರಿಡ್ ಕಾರನ್ನು ಕೊಂಡರೆ ಅದರ ಸದ್ದಿಲ್ಲದ ಓಟಕ್ಕಾಗಿ, ನುಣುಪಾದ ಚಾಲನೆಗಾಗಿ, ಅಥವಾ ಮನಸ್ಸಿನ ಸಮಾಧಾನಕ್ಕಾಗಿ ಕೊಳ್ಳಬೇಕೇ ಹೊರತು ಉಳಿತಾಯದ ನೆಪವನ್ನು ಹೇಳಬಾರದು.

ಬಾಡಿಗೆ ಗಾಡಿಯವನ ಸ್ಥಿತಿ ಬೇರೆ. ನಮ್ಮ ವಿದ್ಯಾರ್ಥಿಯು ವರ್ಷಕ್ಕೆ 40,000 ಕಿಲೋಮೀಟರ್ ಓಡಿಸುತ್ತೇನೆಂದನು. ಅವನ ಉಳಿತಾಯವು ವರ್ಷಕ್ಕೆ 76,000 ರೂಪಾಯಿ. ನಾಲ್ಕು ವರ್ಷದಲ್ಲಿ 3 ಲಕ್ಷವು ತೀರಬೇಕು. ಇಲ್ಲಿಯವರೆಗೆ ಲೆಕ್ಕವು ಅವನ ಪಾಲಿಗೆ ಸೊಗಸಾಗಿಯೇ ಇತ್ತು, ನಮಗೂ ಸಂತೋಷವಾಯಿತು. ಆಗ ನಾವು, “ತಮ್ಮಾ, ಈ ಮೂರು ಲಕ್ಷ ಎಲ್ಲಿಂದ ತರುತ್ತೀ?” ಎಂದು ಕೇಳಿದೆವು. ಬ್ಯಾಂಕು ಕೊಡುವ ಸಾಲವು ಸಾದಾ ಗಾಡಿಯ ಬೆಲೆಗೇ ಮುಗಿದುಹೋಗುತ್ತದೆ, ಮೇಲಿನ ಹಣವನ್ನು ಊರಿನಲ್ಲಿ ನೂರಕ್ಕೆ ಎರಡರಂತೆ ತರಬೇಕೆಂದನು.

ನೂರಕ್ಕೆ ಎರಡು ಎಂದರೆ ತಿಂಗಳಿಗೆ ಎರಡು, ವರ್ಷಕ್ಕೆ ಇಪ್ಪತ್ತನಾಲ್ಕು. 3 ಲಕ್ಷಕ್ಕೆ ವರ್ಷದ ಬಡ್ಡಿ 72,000. ಎಣ್ಣೆಯಲ್ಲಿ ಉಳಿಯುವುದು 76,000. ವರ್ಷವಿಡೀ ಬಿಸಿಲಿನಲ್ಲಿ ಓಡಿಸಿ ಉಳಿಸಿದ ಪೆಟ್ರೋಲಿನ ಹಣವೆಲ್ಲ ಸಾಲ ಕೊಟ್ಟವನ ಪೆಟ್ಟಿಗೆಗೆ ಹೋಗಿ, ಅಸಲಿಗೆ ಮುಟ್ಟುವುದು 4,000 ರೂಪಾಯಿ. ಆ ವೇಗದಲ್ಲಿ ಸಾಲ ತೀರಲು ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಒಂದೇ ಯಂತ್ರ, ಒಂದೇ ಹಾದಿ, ಒಂದೇ ಮೈಲೇಜು. ಬಡ್ಡಿಯೊಂದು ಬದಲಾಗಿ ನಾಲ್ಕು ವರ್ಷದ ಮಾತು ಹದಿಮೂರು ವರ್ಷಕ್ಕೆ ಹೋಯಿತು.

1979ರಲ್ಲಿ ಜೆರ್ರಿ ಹೌಸ್‌ಮನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞನು ಜನರು ಹವಾನಿಯಂತ್ರಕಗಳನ್ನು ಕೊಳ್ಳುವ ರೀತಿಯನ್ನು ಪರೀಕ್ಷಿಸಿದನು. ಕರೆಂಟು ಕಡಮೆ ತಿನ್ನುವ ಯಂತ್ರಕ್ಕೆ ಬೆಲೆ ಹೆಚ್ಚು. ಹಾಗೆ ಹೆಚ್ಚಿಗೆ ಕೊಡುವಾಗ ಜನರು ಮುಂದಿನ ಉಳಿತಾಯವನ್ನು ವರ್ಷಕ್ಕೆ ಶೇಕಡಾ 20ಕ್ಕೂ ಮಿಕ್ಕ ಬಡ್ಡಿಯ ಲೆಕ್ಕದಲ್ಲಿ ತೂಗುತ್ತಾರೆಂದೂ, ಆದಾಯ ಕಡಮೆಯಾದಷ್ಟೂ ಆ ದರ ಏರುತ್ತದೆಂದೂ ಅವನು ಕಂಡುಕೊಂಡನು. ಇದನ್ನು ಗ್ರಾಹಕರ ದೂರದೃಷ್ಟಿಯ ಕೊರತೆಯೆಂದು ಹಲವರು ವಿವರಿಸುವುದುಂಟು. ಆದರೆ ಆ ಸಂಖ್ಯೆ ನಮ್ಮ ಊರಿನ ಎರಡು ರೂಪಾಯಿ ಬಡ್ಡಿಗೆ ಎಷ್ಟು ಹತ್ತಿರವಿದೆ ನೋಡಿರಿ! ನಮ್ಮ ಹುಡುಗನಿಗೆ ದೂರದೃಷ್ಟಿಯ ಕೊರತೆಯಿರಲಿಲ್ಲ. ಅವನು ಕೊಡಬೇಕಾದ ಬಡ್ಡಿಯೇ ಅಷ್ಟಿತ್ತು. ತಾಳಿದವನು ಬಾಳಿಯಾನು ಎಂದು ಹಿರಿಯರು ಹೇಳಿದ್ದು ನಿಜ. ಆದರೆ ತಾಳುವುದಕ್ಕೂ ಬಂಡವಾಳ ಬೇಕಷ್ಟೆ.

ಇನ್ನೊಂದು ಅಂಶವನ್ನು ಗಮನಿಸಬೇಕು. ಟೊಯೊಟಾ ಸಂಸ್ಥೆಯು ನಮ್ಮ ದೇಶದಲ್ಲಿ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ಖಾತರಿ ಕೊಡುತ್ತದೆ. ಮೇಲೆ ನಾವು ಕಂಡ, ಹಣ ಮರಳುವ ದೂರ 1,57,500 ಕಿಲೋಮೀಟರ್. ಎರಡೂ ಹೆಚ್ಚುಕಡಮೆ ಒಂದೇ. ಬಡ್ಡಿಯಿಲ್ಲದ ಸ್ವಂತ ಹಣ ಹಾಕಿದವನಿಗೂ ಲಾಭದ ಮೊದಲ ರೂಪಾಯಿ ಕಾಣುವ ಹೊತ್ತಿಗೆ ಖಾತರಿ ಮುಗಿದಿರುತ್ತದೆ, ಇಲ್ಲವೇ ಮುಗಿಯುತ್ತ ಬಂದಿರುತ್ತದೆ. ಬ್ಯಾಟರಿ ಆ ದಿನವೇ ಕೆಡುವುದೆಂದು ಇದರ ಅರ್ಥವಲ್ಲ. ಎಷ್ಟೋ ಬ್ಯಾಟರಿಗಳು ಅದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತವೆ. ಆದರೆ ಅಲ್ಲಿಂದ ಮುಂದಿನ ಅಪಾಯವೆಲ್ಲ ಮಾಲೀಕನ ತಲೆಯ ಮೇಲೆ. ಬ್ಯಾಟರಿಯ ಒಳಗಿನ ಸ್ಥಿತಿ ಹೊರಗಿನ ಕಣ್ಣಿಗೆ ಕಾಣದಾದುದರಿಂದ ಹಳೆಯ ಗಾಡಿಯನ್ನು ಕೊಳ್ಳುವವನೂ ಬೆಲೆಯನ್ನು ಕಡಿಯುತ್ತಾನೆ. ಕೊಳ್ಳುವವನಿಗೆ ತಿಳಿಯದ ದೋಷದ ಶಂಕೆಯು ಹಳೆಯ ಕಾರಿನ ಪೇಟೆಯನ್ನೇ ಹಾಳುಮಾಡಬಲ್ಲುದೆಂದು ಜಾರ್ಜ್ ಅಕರ್‌ಲಾಫ್ ಎಂಬ ಅರ್ಥಶಾಸ್ತ್ರಜ್ಞನು 1970ರಲ್ಲಿಯೇ ವಿವರಿಸಿದ್ದನು. ಸೆಕೆಂಡ್ ಹ್ಯಾಂಡ್ ಗಾಡಿಯೇ ಹೆಚ್ಚಿನವರ ಮೊದಲ ಗಾಡಿಯಾಗಿರುವ ನಮ್ಮ ಹಳ್ಳಿಗಳಲ್ಲಿ ಇದು ಸಣ್ಣ ಮಾತಲ್ಲ.

ಬೇಡಿಕೆಯು ಬೆಲೆಯ ಕಡೆಗೆ ಹೇಗೆ ವಾಲುತ್ತದೆಂಬುದಕ್ಕೆ ನಮ್ಮ ದೇಶದ ಇತಿಹಾಸವೇ ಸಾಕ್ಷಿ. 2008ರಲ್ಲಿ ಹೋಂಡಾ ಸಂಸ್ಥೆಯು ಸಿವಿಕ್ ಹೈಬ್ರಿಡ್ ಕಾರನ್ನು ಹೊರದೇಶದಿಂದ ತರಿಸಿ ಸುಮಾರು ಇಪ್ಪತ್ತೊಂದೂವರೆ ಲಕ್ಷಕ್ಕೆ ಮಾರಲು ಹೊರಟಿತು. ಕೊಳ್ಳುವವರು ವಿರಳರಾದರು. ಅದೇ ವರ್ಷ ಬೆಲೆಯನ್ನು ಸುಮಾರು 8 ಲಕ್ಷದಷ್ಟು ಇಳಿಸಿದಾಗ ಉಳಿದ ಗಾಡಿಗಳಿಗೆ ಗಿರಾಕಿಗಳು ಬೇಗನೆ ದೊರೆತರು. ಕಾರು ಅದೇ, ಅದರ ವಿಜ್ಞಾನವೂ ಅದೇ. 2015ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರವು ಫೇಮ್ ಎಂಬ ಯೋಜನೆಯಡಿ ಹೈಬ್ರಿಡ್‌ಗಳಿಗೂ ಸಹಾಯಧನ ಕೊಡತೊಡಗಿತು. ಮೋಟಾರಿನ ಪಾತ್ರ ಅಲ್ಪವಾಗಿದ್ದ ಮೆದು ಹೈಬ್ರಿಡ್‌ಗಳೂ ಅದನ್ನು ಪಡೆದವು. 2017ರ ಏಪ್ರಿಲ್‌ನಿಂದ ಮೆದು ಹೈಬ್ರಿಡ್‌ಗಳಿಗೆ ಅದು ನಿಂತಿತು. ಅದೇ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದು ದೊಡ್ಡ ಹೈಬ್ರಿಡ್ ಕಾರುಗಳ ಮೇಲಿನ ಒಟ್ಟು ತೆರಿಗೆ ಸುಮಾರು ಶೇಕಡಾ 30ರಿಂದ 43ಕ್ಕೆ ಏರಿತು. ಬಿಡದಿಯಲ್ಲಿ 2013ರಿಂದ ಜೋಡಣೆಯಾಗುತ್ತಿದ್ದ ಕ್ಯಾಮ್ರಿ ಹೈಬ್ರಿಡ್ಡಿನ ಬೆಲೆಯೂ ಏರಿತು. ಮುಂದೆ 2022ರಲ್ಲಿ ಹೈರೈಡರ್, ಹೈಕ್ರಾಸ್ ಮೊದಲಾದ ಕಾರುಗಳು ಬಂದ ಮೇಲೆಯೇ ಈ ಪೇಟೆಗೆ ಮರುಜೀವ ಬಂದದ್ದು.

2025ರ ಸೆಪ್ಟೆಂಬರ್ 22ರಿಂದ ತೆರಿಗೆಯ ಕ್ರಮ ಮತ್ತೆ ಬದಲಾಯಿತು. ನಾಲ್ಕು ಮೀಟರ್ ಉದ್ದವನ್ನೂ 1200 ಸಿ.ಸಿ. ಗಾತ್ರವನ್ನೂ ಮೀರದ ಪೆಟ್ರೋಲ್ ಹೈಬ್ರಿಡ್‌ಗೆ ಶೇಕಡಾ 18, ದೊಡ್ಡದಕ್ಕೆ ಶೇಕಡಾ 40, ಪೂರ್ಣ ವಿದ್ಯುತ್ ಕಾರಿಗೆ ಮಾತ್ರ ಶೇಕಡಾ 5. ಹೈರೈಡರ್, ಹೈಕ್ರಾಸ್ ಎರಡೂ 40ರ ಸಾಲಿಗೆ ಸೇರುತ್ತವೆ. ಅದೇ ಅಳತೆಯ ಸಾದಾ ಪೆಟ್ರೋಲ್ ಕಾರಿಗೂ 40ನ್ನೇ ವಿಧಿಸಲಾಗಿದೆ. ಹೀಗೆ ನಮ್ಮ ತೆರಿಗೆಯು ಕಾರಿನ ಉದ್ದವನ್ನು ಅಳೆಯುತ್ತದೆ, ಇಂಜಿನ್ನಿನ ಗಾತ್ರವನ್ನು ಅಳೆಯುತ್ತದೆ. ಅದು ಎಷ್ಟು ಎಣ್ಣೆಯನ್ನು ಸುಡುತ್ತದೆ, ಎಷ್ಟು ದೂರ ಓಡುತ್ತದೆ ಎಂಬುದನ್ನು ಅಳೆಯುವುದೇ ಇಲ್ಲ.

ಇಲ್ಲಿ ನಮಗೆ ಮತ್ತೆ ಬೀಜದ ಕಥೆ ನೆನಪಾಗುತ್ತದೆ. 1957ರಲ್ಲಿ ಜ್ವಿ ಗ್ರಿಲಿಕಸ್ ಎಂಬ ಅರ್ಥಶಾಸ್ತ್ರಜ್ಞನು ಅಮೆರಿಕದಲ್ಲಿ ಹೈಬ್ರಿಡ್ ಮೆಕ್ಕೆಜೋಳವು ಹರಡಿದ ಬಗೆಯನ್ನು ಅಭ್ಯಸಿಸಿ ಪ್ರಸಿದ್ಧವಾದ ಲೇಖನವೊಂದನ್ನು ಬರೆದನು. ಐಯೋವಾ ಸಂಸ್ಥಾನದ ರೈತರು ಆ ಬೀಜವನ್ನು ಕೆಲವೇ ವರ್ಷಗಳಲ್ಲಿ ಒಪ್ಪಿಕೊಂಡರು. ದಕ್ಷಿಣದ ಅಲಬಾಮಾದವರು ಬಹಳ ತಡಮಾಡಿದರು. ಐಯೋವಾದವರು ಜಾಣರು, ಅಲಬಾಮಾದವರು ದಡ್ಡರು ಎಂದು ಅವನು ತೀರ್ಮಾನಿಸಲಿಲ್ಲ. ಎಲ್ಲಿ ಆ ಬೀಜದಿಂದ ಹೆಚ್ಚು ಲಾಭವಿತ್ತೋ ಅಲ್ಲಿ ಅದು ಬೇಗ ಹರಡಿತು, ಎಲ್ಲಿ ಸ್ಥಳೀಯ ನೆಲಕ್ಕೆ ತಕ್ಕ ತಳಿ ತಡವಾಗಿ ಬಂದಿತೋ ಅಲ್ಲಿ ತಡವಾಗಿ ಹರಡಿತು ಎಂದು ಅಂಕಿಗಳಿಂದ ತೋರಿಸಿದನು.

ನಮ್ಮ ಜಿಲ್ಲೆಯಲ್ಲಿ ಹೈಬ್ರಿಡ್ ಕಾರು ಏಕೆ ಅಪರೂಪವೆಂಬುದಕ್ಕೂ ಇದೇ ಉತ್ತರ. ಜನರಿಗೆ ತಿಳಿವಳಿಕೆ ಸಾಲದು, ಪರಿಸರದ ಮೇಲೆ ಪ್ರೀತಿಯಿಲ್ಲ ಎಂದು ಪೇಟೆಯ ವಿದ್ಯಾವಂತರು ಹೇಳುವುದನ್ನು ನಾವು ಕೇಳಿದ್ದೇವೆ. ಆ ಮಾತು ಸಲ್ಲದು. ಹೈಬ್ರಿಡ್ ಬೀಜವನ್ನು ಕೊಂಡವರೂ ಇದೇ ಜನ. ಬೀಜದ ಹಣ ಒಂದು ಸುಗ್ಗಿಗೆ ಮರಳುತ್ತದೆ, ಕಾರಿನ ಹಣ ಒಂದೂವರೆ ಲಕ್ಷ ಕಿಲೋಮೀಟರಿಗೆ ಮರಳುತ್ತದೆ. ಹೆಚ್ಚು ಓಡುವವನ ಕೈಯಲ್ಲಿ ಹಣವಿಲ್ಲ, ಹಣವಿರುವವನ ಕಾರು ಹೆಚ್ಚು ಓಡುವುದಿಲ್ಲ. ಬೇಡಿಕೆ ಹುಟ್ಟದಿರುವುದು ಈ ಎರಡರ ನಡುವಿನ ಕಂದಕದಲ್ಲಿ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ತೆರಿಗೆಯ ರಿಯಾಯಿತಿಯನ್ನು ಕೊಡುವುದಾದರೆ ಅದನ್ನು ಓಟಕ್ಕೆ ತಕ್ಕಂತೆ ಕೊಡಬೇಕು. 2024ರ ಜುಲೈನಲ್ಲಿ ಉತ್ತರಪ್ರದೇಶ ಸರಕಾರವು ಪೂರ್ಣ ಹೈಬ್ರಿಡ್ ಕಾರುಗಳ ನೋಂದಣಿ ತೆರಿಗೆಯನ್ನು ಬಿಟ್ಟುಕೊಟ್ಟಾಗ ಅದು ಎಲ್ಲರಿಗೂ ಸಮನಾಗಿ ದೊರೆಯಿತು. ಆದರೆ ಮನೆಯ ಕಾರಿಗೆ ಬಿಟ್ಟುಕೊಟ್ಟ 1 ಲಕ್ಷ ರೂಪಾಯಿಯಿಂದ ವರ್ಷಕ್ಕೆ 190 ಲೀಟರ್ ಪೆಟ್ರೋಲು ಉಳಿದರೆ, ಬಾಡಿಗೆ ಗಾಡಿಗೆ ಬಿಟ್ಟುಕೊಟ್ಟ ಅದೇ ಹಣದಿಂದ 760 ಲೀಟರ್ ಉಳಿಯುತ್ತದೆ. ಲೀಟರಿಗೆ 2.3 ಕಿಲೋಗ್ರಾಂನಂತೆ ಸುಮಾರು ಒಂದೂಮುಕ್ಕಾಲು ಟನ್ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಕಡಮೆಯಾಗುತ್ತದೆ. ಸಾರ್ವಜನಿಕರ ಹಣವು ಹಳದಿ ಫಲಕದ ಗಾಡಿಗೆ ಮೊದಲು ಹೋಗುವುದು ನ್ಯಾಯವೂ ಹೌದು, ಲಾಭವೂ ಹೌದು.

ಎರಡನೆಯದಾಗಿ, ಬ್ಯಾಂಕುಗಳು ಸಾಲದ ಮಿತಿಯನ್ನು ಕಟ್ಟುವಾಗ ಗಾಡಿಯ ಬೆಲೆಯನ್ನಷ್ಟೇ ನೋಡದೆ ಎಣ್ಣೆಯ ಖರ್ಚನ್ನೂ ನೋಡಬೇಕು. ವರ್ಷಕ್ಕೆ 76,000 ರೂಪಾಯಿ ಉಳಿಸುವ ಯಂತ್ರವು ತನ್ನ ಕಂತನ್ನು ತಾನೇ ಕಟ್ಟಬಲ್ಲುದು. ಆ 3 ಲಕ್ಷವು ಶೇಕಡಾ 10ರಲ್ಲಿ ದೊರೆತರೆ ನಮ್ಮ ಹುಡುಗನ ಸಾಲವು ಐದೂಕಾಲು ವರ್ಷಕ್ಕೆ ತೀರುತ್ತದೆ. ಮೂರನೆಯದಾಗಿ, ತಯಾರಕರು ಬಾಡಿಗೆ ಗಾಡಿಯ ಬ್ಯಾಟರಿಗೆ ಓಟದ ಮಿತಿಯನ್ನು ಹೆಚ್ಚಿಸಿದ ಖಾತರಿಯನ್ನು ಕೊಡಬೇಕು. ನಾಲ್ಕನೆಯದಾಗಿ, ಅಂಗಡಿಯ ಫಲಕದಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದರ ಜೊತೆಗೆ 1000 ಕಿಲೋಮೀಟರಿಗೆ ಎಷ್ಟು ಲೀಟರ್ ಎಂಬುದನ್ನೂ ಬರೆಯಬೇಕು. ಇದಕ್ಕೆ ಯಾವ ಖರ್ಚೂ ಇಲ್ಲ.

ಇದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಹೈಬ್ರಿಡ್ ಎಂಬುದು ನಡುದಾರಿಯ ವಸ್ತು, ಮುಂದೆ ಎಲ್ಲವೂ ವಿದ್ಯುತ್ ಗಾಡಿಗಳೇ ಆಗುವಾಗ ಇದರ ಚಿಂತೆಯೇಕೆ ಎಂಬುದು ಒಂದು. ಆಗಲಿ, ಆದರೆ ಮೊದಲ ಬೆಲೆ ಹೆಚ್ಚು, ಓಟದ ಖರ್ಚು ಕಡಮೆ ಎಂಬ ಲಕ್ಷಣವು ವಿದ್ಯುತ್ ಗಾಡಿಯಲ್ಲಿ ಇನ್ನೂ ತೀವ್ರವಾಗಿದೆ. ಬಡ್ಡಿಯ ಗಂಟನ್ನು ಇಲ್ಲಿ ಬಿಡಿಸದೆ ಅಲ್ಲಿಗೆ ಹೋದರೂ ಅದು ಹಿಂಬಾಲಿಸಿ ಬರುತ್ತದೆ. ಎರಡನೆಯದು, 1865ರಲ್ಲಿ ಇಂಗ್ಲೆಂಡಿನ ಜೆವನ್ಸ್ ಎಂಬ ಪಂಡಿತನು ಕಲ್ಲಿದ್ದಲಿನ ವಿಷಯವಾಗಿ ಎತ್ತಿದ ಸಂಶಯ: ದಕ್ಷತೆ ಹೆಚ್ಚಿದರೆ ಬಳಕೆ ಅಗ್ಗವಾಗಿ ಜನರು ಇನ್ನಷ್ಟು ಬಳಸುತ್ತಾರೆ. ನಮ್ಮಲ್ಲಿ ಸ್ವಲ್ಪ ಹಾಗಾಗಲೂಬಹುದು. ಆದರೆ ಬಾಡಿಗೆ ಕಡಮೆಯಾದುದರಿಂದ ಯಲಬುರ್ಗಿಯ ಹಳ್ಳಿಯ ರೋಗಿಯೊಬ್ಬನು ಹುಬ್ಬಳ್ಳಿಯ ಆಸ್ಪತ್ರೆಗೆ ಒಂದು ದಿನ ಮೊದಲೇ ಹೋದರೆ ಅದನ್ನು ದುಂದೆಂದು ನಾವು ಕರೆಯಲಾರೆವು.

ಕೊನೆಗೆ ಆ ಹುಡುಗನಿಗೆ ನಾವು ಕೊಟ್ಟ ಉತ್ತರವನ್ನು ಹೇಳಬೇಕು. ಬೇಡ, ಸಾದಾ ಗಾಡಿಯನ್ನೇ ಕೊಳ್ಳು ಎಂದೆವು. ಬ್ರೇಕಿನಲ್ಲಿ ಸುಟ್ಟುಹೋಗುವ ಶಕ್ತಿಯನ್ನು ಹಿಡಿಯುವ ವಿದ್ಯೆಯನ್ನು ತರಗತಿಯಲ್ಲಿ ಅಷ್ಟು ಉತ್ಸಾಹದಿಂದ ವರ್ಣಿಸಿದ ನಮಗೆ ಆ ಮಾತು ಸುಲಭವಾಗಿ ಬಾಯಿಗೆ ಬರಲಿಲ್ಲ. ಅವನು ಬೇಸರಪಡಲಿಲ್ಲ, ಲೆಕ್ಕದ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡನು. ಸಾದಾ ಗಾಡಿಯನ್ನು ಕೊಂಡು, ಪ್ರತಿ ದಿನದ ಕಿಲೋಮೀಟರನ್ನೂ ಎಣ್ಣೆಯನ್ನೂ ಒಂದು ವಹಿಯಲ್ಲಿ ಬರೆದಿಡುತ್ತಿದ್ದಾನೆ. ಈ ಗಾಡಿಯ ಸಾಲ ತೀರಿದ ಮೇಲೆ ಮತ್ತೆ ಬಂದು ಕೇಳುತ್ತೇನೆಂದು ಹೇಳಿಹೋಗಿದ್ದಾನೆ. ಯಂತ್ರವು ಆಗಲೂ ಸಿದ್ಧವಾಗಿಯೇ ಇರುತ್ತದೆ. ಅಷ್ಟರೊಳಗೆ ತೆರಿಗೆಯೂ ಬಡ್ಡಿಯೂ ಖಾತರಿಯೂ ಸರಿಹೋದರೆ ನಮ್ಮ ಉತ್ತರವನ್ನು ಬದಲಿಸಲು ನಾವೂ ಸಿದ್ಧರಿದ್ದೇವೆ.